ಲೆನ್ಸಿನ ಗುಣವೋ ಕಿಂಡಿಯ ಗುಣವೋ: ಕೈಯಿಂದ ಫೋಕಸ್ ಮಾಡುವ ಹಳೆಯ ಕ್ಯಾಮರಾಗಳನ್ನು ಹೋಲಿಸುವ ಬಗೆ

ಕಾಸರಗೋಡಿನಿಂದ ಮಾತಾಡ್ತಾ ಇದ್ದೇನೆ. ಕನ್ನಡ ಎಂ.ಎ. ಓದುವವನು ಹಳೆಯ ಫಿಲ್ಮ್ ಕ್ಯಾಮರಾಗಳ ಬಗ್ಗೆ ಪ್ರಬಂಧ ಮಂಡಿಸುವುದು ಯಾಕೆ ಅಂತ ವಿಷಯ ಕೊಟ್ಟಾಗಲೇ ಕೇಳಿದವರಿದ್ದರು. ಉತ್ತರ ಸರಳ ಉಂಟು. ವಿಮರ್ಶೆಯ ಅರ್ಧ ಕೆಲಸ ಹೋಲಿಕೆ. ಯಾವುದರ ಎದುರಿಗೆ ಯಾವುದನ್ನು ಇಡುತ್ತೇವೆ ಎನ್ನುವಲ್ಲೇ ತೀರ್ಪಿನ ದೊಡ್ಡ ಪಾಲು ಆಗಿಹೋಗಿರುತ್ತದೆ. ಹಳೆ ಕ್ಯಾಮರಾಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಲೆನ್ಸಿನ ಎದುರು ಲೆನ್ಸನ್ನು ಇಡುತ್ತಾರೆ. ಇಡಬೇಕಾದ್ದು ವ್ಯೂಫೈಂಡರಿನ ಎದುರು ವ್ಯೂಫೈಂಡರನ್ನು, ಅಂದರೆ ಛಾಯಾಗ್ರಾಹಕ ಕಣ್ಣಿಡುವ ಆ ಸಣ್ಣ ಕಿಂಡಿಯನ್ನು ಎನ್ನುವುದು ನನ್ನ ವಾದ. ಲೆನ್ಸು ಯಾವುದೆಂದು ಚಿತ್ರ ನೋಡಿ ಹೇಳುವುದು ಬಹಳ ಕಷ್ಟ. ಕಿಂಡಿ ಎಂಥದ್ದಿತ್ತು ಎಂದು ಎಷ್ಟೋ ಸಲ ಹೇಳಬಹುದು. ಓದಲು ಬರುವುದನ್ನು ಬಿಟ್ಟು ಓದಲು ಬಾರದ್ದರ ಬಗ್ಗೆಯೇ ಇಷ್ಟೊಂದು ಬರೆದದ್ದು ಯಾಕೆ ಎನ್ನುವುದು ನನ್ನ ಪ್ರಶ್ನೆ.

ಮೊದಲು ಲೆನ್ಸಿನ ಮಾತನ್ನೇ ತೆಗೆದುಕೊಳ್ಳುವ. ಈ ಬರವಣಿಗೆಗೆ ತನ್ನದೇ ಒಂದು ಅಲಂಕಾರಶಾಸ್ತ್ರ ಉಂಟು. ಜರ್ಮನ್ ಲೆನ್ಸು ಮೃದು, ಅದರ ಚಿತ್ರಕ್ಕೆ ಆಳ ಉಂಟು, ಬಣ್ಣ ಗಂಭೀರ. ಜಪಾನಿ ಲೆನ್ಸು ಚೂಪು, ಸ್ಪಷ್ಟ, ಸ್ವಲ್ಪ ಒರಟು. ಲೈಕಾಕ್ಕೆ 'ಆತ್ಮ' ಉಂಟು, ನಿಕಾನಿಗೆ 'ಕಾಂಟ್ರಾಸ್ಟ್' ಉಂಟು. ಓದುತ್ತಾ ಹೋದ ಹಾಗೆ ನನಗೆ ನೆನಪಾದದ್ದು ಕವಿರಾಜಮಾರ್ಗ. ಅಲ್ಲಿ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡು ದಾರಿಗಳನ್ನು ಮಾಡಿ ಗುಣಗಳ ಲೆಕ್ಕ ಹಾಕುತ್ತಾರಲ್ಲ, ಇಲ್ಲಿಯೂ ಹಾಗೆಯೇ: ಒಂದು ಜರ್ಮನ್ ಮಾರ್ಗ, ಒಂದು ಜಪಾನ್ ಮಾರ್ಗ. ವ್ಯತ್ಯಾಸ ಒಂದೇ. ಕವಿರಾಜಮಾರ್ಗಕಾರ ಪ್ರತಿ ಗುಣಕ್ಕೂ ಪದ್ಯ ಕೊಟ್ಟು ತೋರಿಸುತ್ತಾನೆ. ಲೆನ್ಸಿನ ಲಾಕ್ಷಣಿಕರಲ್ಲಿ ಉದಾಹರಣೆ ಕೊಡುವವರು ಕಡಿಮೆ, ಕೊಟ್ಟರೂ ಚಿತ್ರದ ಕೆಳಗೆ ಲೆನ್ಸಿನ ಹೆಸರು ಮೊದಲೇ ಬರೆದಿರುತ್ತದೆ.

ಈ ಎರಡು ಮಾರ್ಗಗಳ ಚರಿತ್ರೆ ನೋಡಿದರೆ ಗಡಿಗೆರೆ ಎಲ್ಲಿ ಎಂದು ಹುಡುಕಬೇಕಾಗುತ್ತದೆ. 1896ರಲ್ಲಿ ಜೈಸ್ ಸಂಸ್ಥೆಯ ಪೌಲ್ ರುಡಾಲ್ಫ್ 'ಪ್ಲಾನಾರ್' ಎಂಬ ಲೆನ್ಸನ್ನು ರೂಪಿಸಿದ. ಆರು ಗಾಜು, ನಾಲ್ಕು ಗುಂಪು, ನಡುವಿನ ರಂಧ್ರದ ಆಚೆ ಈಚೆ ಹೆಚ್ಚುಕಡಿಮೆ ಕನ್ನಡಿಯಲ್ಲಿ ಕಂಡ ಹಾಗೆ ಸಮರೂಪ. ಲೆಕ್ಕದಲ್ಲಿ ಸೊಗಸಾದ ಲೆನ್ಸು. ಬಳಕೆಯಲ್ಲಿ ಒಂದು ತೊಂದರೆ. ಗಾಜು ಗಾಳಿಯನ್ನು ಮುಟ್ಟುವ ಪ್ರತಿ ಮೈಯಲ್ಲೂ ಬೆಳಕಿನ ಸುಮಾರು ನೂರಕ್ಕೆ 4 ಪಾಲು ಪ್ರತಿಫಲಿಸಿ ಒಳಗೇ ಅಲೆಯುತ್ತದೆ. ನಾಲ್ಕು ಗುಂಪು ಅಂದರೆ ಎಂಟು ಮೈ. ಚಿತ್ರ ಮಂಕಾಗುತ್ತದೆ. ಆಮೇಲೆ ಲುಡ್ವಿಗ್ ಬರ್ಟೆಲೆ ಎಂಬವರು 'ಸೊನ್ನಾರ್' ಮಾಡಿದರು, 1932ರ ಕಾಂಟ್ಯಾಕ್ಸ್ ಕ್ಯಾಮರಾದೊಂದಿಗೆ ಅದು ಹೆಸರಾಯಿತು. ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮೂರೇ ಗುಂಪು ಮಾಡಿದ್ದರಿಂದ ಗಾಳಿ ಮುಟ್ಟುವ ಮೈ ಆರಕ್ಕೆ ಇಳಿಯಿತು, ಚಿತ್ರ ಗರಿಗರಿಯಾಯಿತು. 1935ರಲ್ಲಿ ಜೈಸ್‌ನಲ್ಲೇ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿಗೆ ತೆಳು ಲೇಪ ಕೊಟ್ಟು ಪ್ರತಿಫಲನ ತಗ್ಗಿಸುವ ವಿಧಾನ ಕಂಡುಹಿಡಿದ ಮೇಲೆ ಹಳೆಯ ಪ್ಲಾನಾರ್ ಜಾತಿಗೆ ಮತ್ತೆ ಜೀವ ಬಂತು. ಈ ಜಾತಿಯನ್ನು ಡಬಲ್ ಗೌಸ್ ಅಂತಾರೆ.

ಈಗ ಜಪಾನಿಗೆ ಬನ್ನಿ. 1950ರಲ್ಲಿ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿದ್ದಾಗ ಮಿಕಿ ಜುನ್ ಎಂಬ ಜಪಾನಿ ಛಾಯಾಗ್ರಾಹಕ ಅವರ ಮುಖಚಿತ್ರ ತೆಗೆದರು. ಲೆನ್ಸು 8.5 ಸೆಂ.ಮೀ.ನ ನಿಕ್ಕೋರ್. ಡಂಕನ್ ಬೆರಗಾದರು, ಆ ಲೆನ್ಸುಗಳನ್ನು ಕೊರಿಯಾ ಯುದ್ಧಕ್ಕೆ ಒಯ್ದರು, ತಮ್ಮ ಲೈಕಾಕ್ಕೆ ಹಾಕಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಜಪಾನಿ ಲೆನ್ಸುಗಳ ಬಗ್ಗೆ ಬರೆಯಿತು. ಜಪಾನ್ ಮಾರ್ಗದ ಕೀರ್ತಿ ಶುರುವಾದದ್ದೇ ಅಲ್ಲಿಂದ. ಆದರೆ ಆ 8.5 ಸೆಂ.ಮೀ. ಲೆನ್ಸಿನ ಒಳರಚನೆ ಬರ್ಟೆಲೆಯ ಸೊನ್ನಾರ್ ಜಾತಿಯದ್ದು! ಜಪಾನಿ ಗುಣ ಎಂದು ಜಗತ್ತು ಹೊಗಳಿದ್ದು ಜರ್ಮನ್ ನಕ್ಷೆಯನ್ನು ಜಪಾನಿನಲ್ಲಿ ಚೆನ್ನಾಗಿ ಉಜ್ಜಿ ಮಾಡಿದ ಗಾಜನ್ನು. ಮುಂದೆ ಇದು ತಿರುಗುಮುರುಗಾಯಿತು. 1973ರ ಲೈಕಾ ಸಿಎಲ್ ತಯಾರಾದದ್ದು ಜಪಾನಿನ ಮಿನೋಲ್ಟಾದಲ್ಲಿ. 1976ರ ಲೈಕಾ ಆರ್3 ಮಿನೋಲ್ಟಾದ ಕ್ಯಾಮರಾವನ್ನು ಆಧರಿಸಿದ್ದು. 1975ರ ಕಾಂಟ್ಯಾಕ್ಸ್ ಆರ್‌ಟಿಎಸ್ ಜರ್ಮನ್ ಹೆಸರಿನ, ಯಾಷಿಕಾ ಕಂಪನಿಯ ಕೆಲಸ.

ಇಷ್ಟು ಗೊತ್ತಿದ್ದೂ 'ಜರ್ಮನ್ ಗುಣ' ಎನ್ನುವ ಮಾತು ನಿಂತಿಲ್ಲ. ನಿಲ್ಲುವುದೂ ಇಲ್ಲ. ಊರಿನ ಹೆಸರಿನಿಂದ ಶೈಲಿಯನ್ನು ಊಹಿಸುವ ಓದು ಬಹಳ ಹಾಯಾದದ್ದು. ನಮಗೆ ಇದರ ಅನುಭವ ಇನ್ನೊಂದು ಕಡೆಯಿಂದ ಉಂಟು. ಕಾಸರಗೋಡಿನವನು ಒಂದು ಕತೆ ಬರೆದರೆ ಓದುವ ಮೊದಲೇ ಅದರಲ್ಲಿ 'ಗಡಿನಾಡಿನ ತಳಮಳ' ಕಾಣಿಸಿಕೊಂಡುಬಿಡುತ್ತದೆ, ಕತೆ ಬಾಡಿಗೆ ಮನೆಯ ನೀರಿನ ಜಗಳದ್ದಾದರೂ ಸರಿ. ಜತ್ತದವರಿಗೂ ಮಡಕಶಿರದವರಿಗೂ ಇದು ಹೊಸ ಮಾತೇನಲ್ಲ ಅಲ್ವಾ? ಲೇಬಲ್ಲು ನೋಡಿ ಗುಣ ಹೇಳುವುದು ಎಷ್ಟು ದುರ್ಬಲ ವಿಮರ್ಶೆ ಎನ್ನುವುದನ್ನು ಗಾಜಿನ ವಿಷಯದಲ್ಲಿ ಸಾಬೀತು ಮಾಡುವುದು ಸುಲಭ. ಸಾಹಿತ್ಯದಲ್ಲಿ ಕಷ್ಟ. ಅದಕ್ಕೇ ನಾನು ಗಾಜನ್ನು ಹಿಡಿದುಕೊಂಡದ್ದು.

ಇನ್ನು 1970ರ ದಶಕದ 50 ಮಿ.ಮೀ. ಲೆನ್ಸುಗಳನ್ನು ನೋಡಿ. ಪೆಂಟಾಕ್ಸ್ ಎಂ 50 ಎಫ್ 1.7, ಒಲಿಂಪಸ್ ಝುಯಿಕೋ 50 ಎಫ್ 1.8, ನಿಕ್ಕೋರ್ 50 ಎಫ್ 1.8, ಕ್ಯಾನನ್ ಎಫ್‌ಡಿ 50 ಎಫ್ 1.8. ನಾಲ್ಕರಲ್ಲೂ ಆರಾರು ಗಾಜು, ನಾಲ್ಕೂ ಡಬಲ್ ಗೌಸ್ ಜಾತಿ. ಇದು ಅಭಿರುಚಿಯಿಂದ ಆದ ಒಮ್ಮತ ಅಂದುಕೊಳ್ಳಬೇಡಿ. ಎಸ್‌ಎಲ್‌ಆರ್ ಕ್ಯಾಮರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿ ಏಳಬೇಕು, ಇಳಿಯಬೇಕು. ಅದಕ್ಕೆ ಜಾಗ ಬೇಕು. ಲೈಕಾ ಎಂ ಸರಣಿಯಲ್ಲಿ ಲೆನ್ಸು ಕೂರುವ ಉಂಗುರದಿಂದ ಫಿಲ್ಮಿಗೆ 27.8 ಮಿ.ಮೀ. ದೂರ. ನಿಕಾನ್ ಎಫ್‌ನಲ್ಲಿ 46.5, ಪೆಂಟಾಕ್ಸ್ ಕೆ ಯಲ್ಲಿ 45.46, ಒಲಿಂಪಸ್ ಓಎಂನಲ್ಲಿ 46. ಸೊನ್ನಾರ್ 50ರ ಹಿಂಭಾಗ ಫಿಲ್ಮಿಗೆ ತೀರಾ ಹತ್ತಿರ ಬರುವುದರಿಂದ ಕನ್ನಡಿಗೆ ತಾಗುತ್ತದೆ. ಹಾಗಾಗಿ ರೇಂಜ್‌ಫೈಂಡರ್ ಕಾಲದಲ್ಲಿ ಸೊನ್ನಾರ್ ಜಾತಿಯನ್ನು ನೆಚ್ಚಿಕೊಂಡಿದ್ದ ನಿಕಾನ್ ಕೂಡ 1959ರಲ್ಲಿ ನಿಕಾನ್ ಎಫ್ ತಂದಾಗ ಗೌಸ್ ಜಾತಿಗೆ ತಿರುಗಬೇಕಾಯಿತು. ಅಗಲ ನೋಟದ ಲೆನ್ಸುಗಳಲ್ಲಿ ಇದು ಇನ್ನೂ ಜೋರು. ಲೈಕಾಕ್ಕೆ 21 ಮಿ.ಮೀ.ನ ಸೂಪರ್ ಆಂಗ್ಯುಲಾನ್ ಸಮರೂಪವಾಗಿಯೇ ಮಾಡಬಹುದಿತ್ತು. ಎಸ್‌ಎಲ್‌ಆರ್‌ಗೆ ಆಂಜೆನ್ಯೂ 1950ರಲ್ಲಿ ತೋರಿಸಿದ ರೆಟ್ರೋಫೋಕಸ್ ಹಾದಿಯೇ ಗತಿ, ಅಂದರೆ ತಲೆಕೆಳಗು ಮಾಡಿದ ದುರ್ಬೀನಿನಂಥ ರಚನೆ. ಲೆನ್ಸಿನ ರೂಪವನ್ನು ಕೂಡ ಕೊನೆಗೆ ತೀರ್ಮಾನಿಸಿದ್ದು ನೋಡುವ ವ್ಯವಸ್ಥೆ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಾಗಿಲ್ಲ.

ನಾನು ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಒಲಿಂಪಸ್ ಓಎಂ-1 ಮೂರನ್ನೂ ಬಳಸಿದ್ದೇನೆ. ಎಫ್ 8ಕ್ಕೆ ಮುಚ್ಚಿ ಒಂದೇ ಗೋಡೆಯನ್ನು, ಒಂದೇ ಮುಖವನ್ನು ತೆಗೆದು, ಪ್ರಿಂಟುಗಳನ್ನು ಬೆರೆಸಿ ಇಟ್ಟರೆ ಯಾವುದು ಯಾವುದರದ್ದು ಎಂದು ನನಗೆ ಹೇಳಲಾಗುವುದಿಲ್ಲ. ಹಾಸ್ಟೆಲಿನ ಸ್ನೇಹಿತರಿಗೂ ಆಗಲಿಲ್ಲ. ಪೂರ್ತಿ ತೆರೆದಾಗ ಮೂಲೆಗಳಲ್ಲಿ, ಹಿನ್ನೆಲೆಯ ಬೆಳಕಿನ ಚುಕ್ಕೆಗಳಲ್ಲಿ ಒಂದಿಷ್ಟು ವ್ಯತ್ಯಾಸ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಅದರ ಮೇಲೆ 'ಆತ್ಮ' ಕಟ್ಟುವುದಕ್ಕೆ ಮಾತ್ರ ನನ್ನ ವಿರೋಧ.

ಈಗ ಕಿಂಡಿಗೆ ಬರ್ತೇನೆ. ಪ್ರಬಂಧದ ಮುಖ್ಯ ಭಾಗ ಇದು.

1954ರಲ್ಲಿ ಬಂದ ಲೈಕಾ ಎಂ3ರ ಕಿಂಡಿ ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದಲ್ಲಿ ಬೇರೆಯೇ ಗಾಜಿನ ಕಿಟಕಿ. ಅದರೊಳಗೆ 50, 90, 135 ಮಿ.ಮೀ. ಲೆನ್ಸುಗಳಿಗೆ ತಕ್ಕ ಬಿಳಿಯ ಚೌಕಟ್ಟಿನ ಗೆರೆಗಳು ತೇಲುತ್ತವೆ. ನೋಟದ ಅಳತೆ ಸುಮಾರು 0.91, ಅಂದರೆ ಬರಿಗಣ್ಣಿಗೆ ಕಾಣುವಷ್ಟೇ ದೊಡ್ಡದು ಅನ್ನಬಹುದು. ಎರಡೂ ಕಣ್ಣು ತೆರೆದು ನೋಡಬಹುದು. ನಡುವಿನ ಸಣ್ಣ ಚೌಕದಲ್ಲಿ ಎರಡು ಬಿಂಬಗಳು ಬೇರೆ ಬೇರೆ ಕಾಣುತ್ತವೆ, ಲೆನ್ಸು ತಿರುಗಿಸಿ ಅವು ಒಂದಾದರೆ ಫೋಕಸ್ ಆಯಿತು. ಗೆರೆಯ ಆಚೆಗೂ ಜಗತ್ತು ಕಾಣುತ್ತಿರುತ್ತದೆ. ಚೌಕಟ್ಟಿನೊಳಗೆ ಬರಲಿರುವವನು ಬರುವ ಮೊದಲೇ ಕಾಣುತ್ತಾನೆ. (ಗೆರೆ, ಗೆರೆಯ ಆಚೆ ಎಂದ ಕೂಡಲೇ ನಮಗೆ ರೂಪಕ ಕಟ್ಟುವ ಚಟ. ಈ ವಿಚಾರಸಂಕಿರಣದಲ್ಲಿ ಅದು ಸಾಕಷ್ಟು ಆಗಿದೆ, ನಾನು ಬಿಡುತ್ತೇನೆ.)

ಎಸ್‌ಎಲ್‌ಆರ್‌ನಲ್ಲಿ ಹಾಗಲ್ಲ. ಚಿತ್ರ ತೆಗೆಯುವ ಲೆನ್ಸಿನ ಮೂಲಕವೇ ಬಂದ ಬೆಳಕು ಕನ್ನಡಿಗೆ ಬಡಿದು, ಮಬ್ಬುಗಾಜಿನ ಮೇಲೆ ಬಿದ್ದು, ಐದು ಮುಖದ ಪ್ರಿಸಮ್ಮಿನಲ್ಲಿ ತಿರುಗಿ ಕಣ್ಣಿಗೆ ಬರುತ್ತದೆ. ಸುತ್ತ ಕತ್ತಲು, ನಡುವೆ ಬೆಳಗಿದ ಆಯತ. ಸಿನಿಮಾ ಟಾಕೀಸಿನಲ್ಲಿ ಕೂತ ಹಾಗೆ. ಫೋಕಸ್ ಸರಿ ಮಾಡುವಾಗ ಮಸುಕಿನಿಂದ ಒಂದು ವಸ್ತು ಮೇಲೆದ್ದು ಬರುತ್ತದೆ. ಆಚೆ ಏನೂ ಇಲ್ಲ.

ಇವೆರಡರಲ್ಲಿ ಯಾವುದು ಸತ್ಯ ಹೇಳುತ್ತದೆ? ಎರಡೂ ಸುಳ್ಳು ಹೇಳುತ್ತವೆ, ಬೇರೆ ಬೇರೆ ಕಡೆಗೆ. ರೇಂಜ್‌ಫೈಂಡರಿನಲ್ಲಿ ಹತ್ತಿರದ ಮುಖ, ದೂರದ ಗುಡ್ಡ ಎಲ್ಲ ಒಟ್ಟಿಗೇ ಸ್ಪಷ್ಟ, ಯಾಕೆಂದರೆ ಅದು ಲೆನ್ಸಿನ ನೋಟವೇ ಅಲ್ಲ. ಹಿನ್ನೆಲೆ ಎಷ್ಟು ಕರಗುತ್ತದೆ ಎನ್ನುವುದು ರೀಲು ತೊಳೆದ ಮೇಲೆಯೇ ಗೊತ್ತಾಗುವುದು. ಎಸ್‌ಎಲ್‌ಆರ್ ತಿರುವುಮುರುವು. ಕಿಂಡಿ ಬೆಳಕಾಗಿರಲಿ ಎಂದು ಲೆನ್ಸನ್ನು ಪೂರ್ತಿ ತೆರೆದೇ ಇಟ್ಟಿರುತ್ತದೆ, ಒತ್ತಿದಾಗ ಮಾತ್ರ ನಾವು ಹೇಳಿದಷ್ಟು ಮುಚ್ಚುತ್ತದೆ. ಎಫ್ 11ರಲ್ಲಿ ತೆಗೆಯುವ ಚಿತ್ರವನ್ನು ಎಫ್ 1.8ರ ಮಸುಕಿನಲ್ಲಿ ನೋಡುತ್ತಿರುತ್ತೇವೆ. ಒಬ್ಬನಿಗೆ ಜಗತ್ತೆಲ್ಲ ಸ್ಪಷ್ಟ, ಇನ್ನೊಬ್ಬನಿಗೆ ಒಂದೇ ವಸ್ತು ಸ್ಪಷ್ಟ. ವರ್ಷಗಟ್ಟಲೆ ಹೀಗೆ ನೋಡಿದವರ ಚಿತ್ರ ಕಟ್ಟುವ ರೀತಿ ಬೇರೆಯಾಗದೆ ಇರುತ್ತದಾ? ರೇಂಜ್‌ಫೈಂಡರಿನವರು ಮುಂದೆ ಒಬ್ಬ, ನಡುವೆ ಇಬ್ಬರು, ಹಿಂದೆ ಒಂದು ನಾಯಿ ಎಂದು ಪದರ ಪದರವಾಗಿ ಕಟ್ಟುತ್ತಾರೆ. ಎಸ್‌ಎಲ್‌ಆರ್‌ನವರು ಒಂದು ಮುಖವನ್ನು ಹಿಂದಿನಿಂದ ಬಿಡಿಸಿ ತೆಗೆಯುತ್ತಾರೆ. ಅಪವಾದಗಳು ಧಾರಾಳ ಉಂಟು, ಒಲವು ಮಾತ್ರ ಹೀಗೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಗಂಭೀರ. ಎಸ್‌ಎಲ್‌ಆರ್‌ನಲ್ಲಿ ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಕಿಂಡಿ ಕತ್ತಲಾಗುತ್ತದೆ. ಷಟರ್ ತೆರೆದು ಮುಚ್ಚಿದ ಮೇಲೆ ಕನ್ನಡಿ ಇಳಿದು ನೋಟ ಮರಳುತ್ತದೆ. ಹಾಗಾದರೆ ಚಿತ್ರದಲ್ಲಿ ಉಳಿಯುವ ಕ್ಷಣ ಯಾವುದು? ಛಾಯಾಗ್ರಾಹಕ ಆ ಕಿಂಡಿಯಲ್ಲಿ ನೋಡದೇ ಇದ್ದ ಒಂದೇ ಒಂದು ಕ್ಷಣ. ಅದರ ಹಿಂದಿನದ್ದನ್ನು ನೋಡಿದ್ದಾನೆ, ಮುಂದಿನದ್ದನ್ನು ನೋಡಿದ್ದಾನೆ, ಅದನ್ನು ನೋಡಿಲ್ಲ. ಲೈಕಾದಲ್ಲಿ ಕನ್ನಡಿಯೇ ಇಲ್ಲ, ತೆಗೆದದ್ದನ್ನು ತೆಗೆಯುತ್ತಿರುವಾಗಲೇ ಕಂಡಿರುತ್ತಾನೆ. ಹೆನ್ರಿ ಕಾರ್ತಿಯೇ-ಬ್ರೆಸೋನ್ ಅವರ 1952ರ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಕೊಟ್ಟ 'ನಿರ್ಣಾಯಕ ಕ್ಷಣ' ಎಂಬ ಅರ್ಥದ ಹೆಸರು ಛಾಯಾಗ್ರಹಣದ ವಿಮರ್ಶೆಯಲ್ಲಿ ಮಂತ್ರದಂತೆ ಆಗಿದೆ. ಅವರು ಲೈಕಾದವರು. ಕ್ಷಣವನ್ನು ಕಾಣುವ ಕ್ಯಾಮರಾದಲ್ಲಿ ಹುಟ್ಟಿದ ಕಲ್ಪನೆಯನ್ನು ಕ್ಷಣವನ್ನು ಊಹಿಸಬೇಕಾದ ಕ್ಯಾಮರಾದ ಚಿತ್ರಗಳಿಗೂ ಹಾಗೇ ಹಚ್ಚುವುದು ಸರಿಯಾ ಎಂದು ಯಾರಾದರೂ ಕೇಳಬೇಕು.

ಇದನ್ನು ನಾನು ಪರೀಕ್ಷೆ ಮಾಡಿದ್ದು ಯಕ್ಷಗಾನದ ಬಯಲಾಟದಲ್ಲಿ. ಹಿರಿಯರೊಬ್ಬರು ಎರಡು ವಾರಕ್ಕೆ ಅಂತ ಎಂ3 ಕೊಟ್ಟಿದ್ದರು. ಒಂದು ರಾತ್ರಿ ಅದು, ಇನ್ನೊಂದು ರಾತ್ರಿ ಓಎಂ-1. ಎರಡಕ್ಕೂ 400ರ ಕಪ್ಪುಬಿಳುಪು ರೀಲು, ಎಫ್ 2ರ ಆಸುಪಾಸು, ಸೆಕೆಂಡಿನ 60ನೇ ಒಂದು ಭಾಗ. ತೆಂಕುತಿಟ್ಟಿನ ಧೀಂಗಿಣ ನೋಡಿದವರಿಗೆ ಗೊತ್ತು, ವೇಷ ತಿರುಗುತ್ತಾ ಗಾಳಿಗೆ ಏಳುವ ಹೊತ್ತು ಚೆಂಡೆ ಏರಿರುತ್ತದೆ. ಓಎಂ-1ರಲ್ಲಿ ನಾನು ಚೆಂಡೆ ಕೇಳಿ ಒತ್ತುತ್ತಿದ್ದೆ, ಕಣ್ಣು ನಂಬಿದರೆ ತಡ. ಎಂ3ರಲ್ಲಿ ವೇಷ ಗೆರೆಯ ಹೊರಗೆ ಸುತ್ತಿ ಒಳಗೆ ಬರುವುದು ಕಾಣುತ್ತಿತ್ತು, ಒತ್ತಿದಾಗ ಕಿರೀಟ ಎಲ್ಲಿತ್ತು ಎಂದು ಕೂಡಲೇ ಗೊತ್ತಾಗುತ್ತಿತ್ತು. ಆದರೆ ಚೌಕಿಯಲ್ಲಿ ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ ಇಡುವುದನ್ನು ಹತ್ತಿರದಿಂದ ತೆಗೆಯಲಿಕ್ಕೆ ಎಂ3 ಪ್ರಯೋಜನಕ್ಕೆ ಬರಲಿಲ್ಲ, ಅದರ 50 ಲೆನ್ಸು ಒಂದು ಮೀಟರಿಗಿಂತ ಹತ್ತಿರಕ್ಕೆ ಹೋಗುವುದಿಲ್ಲ. ಓಎಂ-1 ಅರ್ಧ ಮೀಟರಿನವರೆಗೂ ಹೋಗುತ್ತದೆ, ಮಬ್ಬುಗಾಜಿನಲ್ಲಿ ಒಂದೊಂದು ಚುಕ್ಕೆಯೂ ಮೇಲೆದ್ದು ಬರುತ್ತದೆ. ರಂಗಸ್ಥಳಕ್ಕೆ ಒಂದು, ಚೌಕಿಗೆ ಇನ್ನೊಂದು. ಮೇಲು ಕೀಳು ಎಂದು ತೀರ್ಪು ಕೊಡುವ ಬದಲು ಔಚಿತ್ಯ ಎನ್ನುವ ನಮ್ಮ ಹಳೆಯ ಪದ ಇಲ್ಲಿ ಕೆಲಸಕ್ಕೆ ಬರುತ್ತದೆ.

ದೂರದ ಲೆನ್ಸುಗಳ ಲೆಕ್ಕವೂ ಹೀಗೆಯೇ. ರೇಂಜ್‌ಫೈಂಡರಿನ ನಿಖರತೆ ಅದರ ಎರಡು ಕಿಟಕಿಗಳ ನಡುವಿನ ಅಂತರದ ಮೇಲೆ ನಿಂತದ್ದು, ಲೆನ್ಸು ಬದಲಿಸಿದರೆ ಅದು ಬದಲಾಗುವುದಿಲ್ಲ. ಆದ್ದರಿಂದ ಅಗಲ ಲೆನ್ಸಿಗೆ ಬೇಕಾದ್ದಕ್ಕಿಂತ ಹೆಚ್ಚೇ ನಿಖರ, 135 ಮಿ.ಮೀ. ದಾಟಿದರೆ ಸಾಲದು. ಎಸ್‌ಎಲ್‌ಆರ್‌ನಲ್ಲಿ ಲೆನ್ಸು ಉದ್ದವಾದ ಹಾಗೆ ಬಿಂಬವೂ ದೊಡ್ಡದಾಗುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಹೋದದ್ದು ನಮಗೆಲ್ಲ ಗೊತ್ತಿರುವ ಸಂಗತಿ. ಹಕ್ಕಿಯ ಫೋಟೋಗ್ರಫಿ ಈ ಕಿಂಡಿ ಇಲ್ಲದಿದ್ದರೆ ಹವ್ಯಾಸಿಯ ಕೈಗೆ ಬರುತ್ತಲೇ ಇರಲಿಲ್ಲ.

ಎರಡು ಕಣ್ಣಿನ ಟಿಎಲ್‌ಆರ್ ಕ್ಯಾಮರಾವನ್ನು ಮರೆಯುವ ಹಾಗಿಲ್ಲ. 1929ರ ರೋಲಿಫ್ಲೆಕ್ಸ್ ಇದರ ಮೂಲಪುರುಷ, ನಮ್ಮ ಸ್ಟುಡಿಯೋಗಳಲ್ಲಿ ಯಾಷಿಕಾ ಮ್ಯಾಟ್ ಹೆಚ್ಚು ಪರಿಚಿತ. ಮೇಲಿನ ಲೆನ್ಸು ನೋಡಲು, ಕೆಳಗಿನದ್ದು ತೆಗೆಯಲು. ಕ್ಯಾಮರಾ ಎದೆಯ ಮಟ್ಟದಲ್ಲಿ, ಛಾಯಾಗ್ರಾಹಕ ತಲೆ ತಗ್ಗಿಸಿ ಗಾಜಿನೊಳಗೆ ನೋಡುತ್ತಾನೆ. ಬಿಂಬ ಎಡಬಲ ತಿರುಗಿರುತ್ತದೆ. ಚಿತ್ರ ಚೌಕ, ಒಂದು ರೀಲಿಗೆ 12. ಮನೆಯ ಹಳೆಯ ಆಲ್ಬಮ್ ತೆಗೆದು ಚೌಕ ಪ್ರಿಂಟುಗಳನ್ನು ನೋಡಿ. ನಿಂತವರ ಗಲ್ಲ ಸ್ವಲ್ಪ ಕೆಳಗಿನಿಂದ ಕಾಣುತ್ತದೆ, ಕೂತ ಅಜ್ಜಿ ನಮ್ಮ ಕಣ್ಣಿನ ಮಟ್ಟಕ್ಕೇ ಇರುತ್ತಾರೆ. ಅಜ್ಜಿಗೆ ಸಿಕ್ಕ ಆ ಘನತೆಯಲ್ಲಿ ಕಿಂಡಿಯ ಪಾಲು ಉಂಟು. ಮುಖದ ಮುಂದೆ ಯಂತ್ರ ಹಿಡಿಯದೆ, ಬಾಗಿ ನಿಂತವನ ಎದುರು ಕೂರುವುದೂ ಬೇರೆಯೇ ಅನುಭವ. ಸ್ಟ್ಯಾಂಡಿನ ಮೇಲೆ ಎತ್ತರಿಸಿ ತೆಗೆದವರೂ ಇದ್ದರು, ಅದು ಬೇರೆ. ಲೆನ್ಸು ಯಾವುದೆಂದು ಈ ಪ್ರಿಂಟಿನಿಂದ ಹೇಳಲಾಗದು, ಕ್ಯಾಮರಾ ಎಷ್ಟು ಎತ್ತರದಲ್ಲಿತ್ತು ಎಂದು ಹೇಳಬಹುದು. ಓದಲು ಬರುವುದು ಎಂದು ಮೊದಲೇ ಹೇಳಿದ್ದು ಇದನ್ನೇ.

ಎಸ್‌ಎಲ್‌ಆರ್‌ಗಳನ್ನು ತಮ್ಮತಮ್ಮೊಳಗೆ ಹೋಲಿಸುವಾಗಲೂ ಕಿಂಡಿಯಿಂದಲೇ ಶುರು ಮಾಡಿದರೆ ಲಾಭ. ಓಎಂ-1ರದ್ದು ಈ ಮೂರರಲ್ಲಿ ಉತ್ತಮ: 0.92 ಅಳತೆ, ಚಿತ್ರದ ನೂರಕ್ಕೆ 97 ಭಾಗ ಕಾಣುತ್ತದೆ. ಎಫ್‌ಎಂ2ನಲ್ಲಿ 0.86, ನೂರಕ್ಕೆ 93. ಕೆ1000ದಲ್ಲಿ 0.88, ನೂರಕ್ಕೆ 91. ಅಂದರೆ ಲೆನ್ಸಿನ ಮೂಲಕವೇ ನೋಡುತ್ತೇವೆ ಎನ್ನುವ ಕ್ಯಾಮರಾ ಕೂಡ ಅಂಚನ್ನು ಬಚ್ಚಿಡುತ್ತದೆ, ನಾವು ಕಾಣದ ಕೈಯೊಂದು ನೆಗೆಟಿವ್‌ನಲ್ಲಿ ಬಂದಿರುತ್ತದೆ. ಓಎಂ-1ನ್ನು ರೂಪಿಸಿದ ಮೈತಾನಿ ಯೋಶಿಹಿಸಾ 510 ಗ್ರಾಮಿನ ಚಿಕ್ಕ ಮೈಯಲ್ಲಿ ಇಷ್ಟು ದೊಡ್ಡ ನೋಟ ಇಟ್ಟದ್ದು ಆ ಕ್ಯಾಮರಾದ ನಿಜವಾದ ಸಾಧನೆ. 1972ರಲ್ಲಿ ಎಂ-1 ಎಂದು ಬಂದದ್ದು ಲೈಕಾದವರ ಆಕ್ಷೇಪದಿಂದ ಓಎಂ-1 ಆಯಿತು. ಷಟರ್ ವೇಗದ ಉಂಗುರವನ್ನೂ ಲೆನ್ಸಿನ ಸುತ್ತಲೇ ಇಟ್ಟಿರುವುದರಿಂದ ಎಡಗೈ ಒಂದೇ ಎಲ್ಲ ಮಾಡುತ್ತದೆ, ಕಣ್ಣು ಕಿಂಡಿ ಬಿಡಬೇಕಾಗಿಲ್ಲ. ತೊಂದರೆ ಮೀಟರಿನದ್ದು: 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಮಾಡಿದ್ದು, ಅದು ಈಗ ಸಿಗುವುದಿಲ್ಲ. ಕಿವಿಯ ಯಂತ್ರದ ಸೆಲ್ಲು ಹಾಕಿ ಸುಧಾರಿಸಬೇಕು.

ಕೆ1000 (1976ರಿಂದ 1997) 30 ಲಕ್ಷಕ್ಕೂ ಹೆಚ್ಚು ತಯಾರಾದ ಕ್ಯಾಮರಾ. ಕಿಂಡಿಯಲ್ಲಿ ಒಂದು ಮುಳ್ಳು ಬಿಟ್ಟರೆ ಏನೂ ಇಲ್ಲ, ವೇಗವೂ ಕಾಣದು, ರಂಧ್ರದ ಅಳತೆಯೂ ಕಾಣದು. ಮೀಟರ್ ನಿಲ್ಲಿಸಲು ಸ್ವಿಚ್ಚೂ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕಬೇಕು. ಕಲಿಯುವವರಿಗೆ ಇದನ್ನೇ ಹೇಳುವುದು ರೂಢಿ. ನನಗೆ ಈ ರೂಢಿಯಲ್ಲಿ ಅಷ್ಟು ನಂಬಿಕೆ ಇಲ್ಲ. ಬಡತನವನ್ನು ಸರಳತೆ ಎಂದು ಹೊಗಳುವ ಅಭ್ಯಾಸ ಸಾಹಿತ್ಯದಲ್ಲೂ ಉಂಟು. 1982ರ ಎಫ್‌ಎಂ2 ಯಾಂತ್ರಿಕವಾಗಿ ಇವೆಲ್ಲಕ್ಕಿಂತ ಗಟ್ಟಿ. ಸೆಕೆಂಡಿನ 4000ನೇ ಒಂದು ಭಾಗದ ಷಟರ್, ಸೆಲ್ಲಿಲ್ಲದೆ ನಡೆಯುತ್ತದೆ. ಮುಳ್ಳಿನ ಬದಲು ಮೂರು ಕೆಂಪು ದೀಪ, ವೇಗ ಮತ್ತು ರಂಧ್ರದ ಅಂಕಿ ಎರಡೂ ಕಿಂಡಿಯಲ್ಲೇ. ಬಯಲಾಟದ ಕತ್ತಲಲ್ಲಿ ಮುಳ್ಳು ಕಾಣುವುದಿಲ್ಲ, ದೀಪ ಕಾಣುತ್ತದೆ. ಕ್ಯಾನನ್ ಎಇ-1 (1976) ಸೆಲ್ಲು ಮುಗಿದರೆ ನಿಂತುಹೋಗುವ ಕ್ಯಾಮರಾ, ರಂಧ್ರವನ್ನು ತಾನೇ ಆರಿಸಿಕೊಳ್ಳುತ್ತದೆ. ಚರಿತ್ರೆಯಲ್ಲಿ ಅದರ ಸ್ಥಾನ ದೊಡ್ಡದು, ನನ್ನ ವಾದಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಎಫ್‌ಎಂ2 ಅಂದ ಕೂಡಲೇ ಎಲ್ಲರೂ ಸ್ಟೀವ್ ಮೆಕ್‌ಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಆಫ್ಘನ್ ಹುಡುಗಿಯ ಚಿತ್ರ ಹೇಳುತ್ತಾರೆ. ಮರುವರ್ಷ ಜೂನಿನಲ್ಲಿ ನ್ಯಾಶನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂತು. ಲೆನ್ಸು ನಿಕ್ಕೋರ್ 105 ಎಫ್ 2.5. ಈ ಲೆನ್ಸಿನ ಕೀರ್ತಿಯೇ ಬೇರೆ ಆಯಿತು. ಮಜಾ ಏನೆಂದರೆ 105 ಎಫ್ 2.5 ಎಂಬ ಒಂದೇ ಹೆಸರಿನಲ್ಲಿ ಎರಡು ಲೆನ್ಸು ಉಂಟು. ಮೊದಲು ಸೊನ್ನಾರ್ ಜಾತಿಯದ್ದು, 1971ರಿಂದ ಗೌಸ್ ಜಾತಿಯದ್ದು. ಹೊಗಳಿಕೆ ಮಾತ್ರ ಎರಡಕ್ಕೂ ಹಂಚಿಹೋಗಿದೆ. ಆ ಚಿತ್ರದಲ್ಲಿ ನಮ್ಮನ್ನು ಹಿಡಿಯುವುದು ಕಣ್ಣುಗಳು, ಹಿಂದಿನ ಹಸಿರಿನಿಂದ ಬಿಡಿಸಿ ನಿಲ್ಲಿಸಿದ ಮುಖ. ಅದು ಎಸ್‌ಎಲ್‌ಆರ್ ಕಿಂಡಿಯ ನೋಟ: ಒಂದೇ ಮುಖ, ಸುತ್ತ ಶಿಬಿರ ಇಲ್ಲ. ಅವಳ ಅಕ್ಕಪಕ್ಕ ಯಾರಿದ್ದರು ಎನ್ನುವ ಪ್ರಶ್ನೆಯನ್ನು ಚಿತ್ರವೇ ಮುಚ್ಚಿಹಾಕುತ್ತದೆ. ಚಿತ್ರದ ರಾಜಕೀಯದ ಬಗ್ಗೆ ಬರೆಯುವವರು ಈ ಯಾಂತ್ರಿಕ ಸಂಗತಿಯಿಂದ ಹೊರಟರೆ ಅವರ ಮಾತಿಗೆ ಇನ್ನಷ್ಟು ಬಲ ಬರುತ್ತದೆ.

ಸಂವಾದದಲ್ಲಿ ಬಂದ ಮೂರು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ನೀಲಗಿರಿಯಿಂದ ಸೇರಿಕೊಂಡ ಸ್ನೇಹಿತೆ, 'ಫಿಲ್ಮಿನ ಮಾತೇ ಬರಲಿಲ್ಲವಲ್ಲ' ಎಂದರು. ಸರಿಯಾದ ಪ್ರಶ್ನೆ. ಅವರ ಊಟಿಯಲ್ಲೇ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು. 1960ರಲ್ಲಿ ಸ್ಥಾಪನೆ, 1967ರಲ್ಲಿ ಉತ್ಪಾದನೆ, 'ಇಂದು' ಎಂಬ ಹೆಸರಿನ ಫಿಲ್ಮು. ಆ ಕಾರ್ಖಾನೆ ಈಗ ಇಲ್ಲ. ಚಿತ್ರದ ಮೈಬಣ್ಣ, ಕಾಳು, ಕಪ್ಪಿನ ಆಳ ಇವುಗಳಲ್ಲಿ ಲೆನ್ಸಿಗಿಂತ ಫಿಲ್ಮಿನ, ತೊಳೆಯುವ ದ್ರಾವಣದ, ಕಾಗದದ ಪಾಲು ದೊಡ್ಡದು. ಲೆನ್ಸಿನ ಗುಣ ಎಂದು ಹೇಳುವ ಎಷ್ಟೋ ಮಾತು ನಿಜದಲ್ಲಿ ಡಾರ್ಕ್‌ರೂಮಿನ ಗುಣ. ನಮ್ಮ ಊರುಗಳ ಸ್ಟುಡಿಯೋ ನೆಗೆಟಿವ್‌ಗಳನ್ನು ಯಾರಾದರೂ ಅಧ್ಯಯನ ಮಾಡುವುದಾದರೆ ಅಂಚಿನಲ್ಲಿ ಅಚ್ಚಾದ ಫಿಲ್ಮಿನ ಹೆಸರನ್ನು ಮೊದಲು ಓದಬೇಕು, ಕ್ಯಾಮರಾದ ಹೆಸರನ್ನು ಆಮೇಲೆ.

'ಹಾಗಾದರೆ ಉಪಕರಣವೇ ಕೃತಿಯನ್ನು ಮಾಡುತ್ತದೆ ಅಂತ ಹೇಳ್ತೀರಾ?' ಎಂದು ಒಬ್ಬ ಅಧ್ಯಾಪಕರು ಕೇಳಿದರು. ಇಲ್ಲ ಸರ್. ಕುಮಾರವ್ಯಾಸನ ಭಾಮಿನಿ ಷಟ್ಪದಿ, ಲಕ್ಷ್ಮೀಶನ ವಾರ್ಧಕ ಷಟ್ಪದಿ ತೆಗೆದುಕೊಳ್ಳಿ. ಭಾಮಿನಿ ಕುಮಾರವ್ಯಾಸನನ್ನು ಮಾಡಲಿಲ್ಲ. ಆದರೆ ಅವನ ವಾಕ್ಯ ಎಲ್ಲಿ ಓಡುತ್ತದೆ, ಎಲ್ಲಿ ತಿರುಗುತ್ತದೆ ಎಂದು ಹೇಳುವಾಗ ಭಾಮಿನಿಯನ್ನು ಬಿಟ್ಟು ಮಾತಾಡಲಾಗುವುದಿಲ್ಲ, ಅದು ಪುಟದಲ್ಲೇ ಕಾಣುತ್ತದೆ. ಅವನು ಯಾವ ಕಂಟದಿಂದ ಗರಿಯ ಮೇಲೆ ಕೊರೆದ ಎನ್ನುವುದು ಪುಟದಲ್ಲಿ ಕಾಣುವುದಿಲ್ಲ. ಕಿಂಡಿ ಷಟ್ಪದಿಯ ಜಾಗದಲ್ಲಿ ನಿಲ್ಲುತ್ತದೆ, ಲೆನ್ಸು ಕಂಟದ ಜಾಗದಲ್ಲಿ. ಹೋಲಿಕೆ ಪೂರ್ತಿ ಕೂಡಿಬರುವುದಿಲ್ಲ, ಒಂದು ಮೊಂಡು ಕಂಟದಿಂದ ಗರಿಯೇ ಹರಿಯಬಹುದು. ಈಗ ಸದ್ಯಕ್ಕೆ ನನ್ನಲ್ಲಿರುವುದು ಇಷ್ಟೇ.

ಕೊನೆಗೆ ಸೊಲ್ಲಾಪುರದ ಒಬ್ಬರು ನೇರವಾಗಿ, 'ಅದೆಲ್ಲಾ ಬಿಡ್ರಿ, ಯಾವ್ದು ತಗೋಬೇಕು ಹೇಳ್ರಿ' ಅಂದರು. ಕನ್ನಡಕ ಹಾಕುವವರಾದರೆ ಕಿಂಡಿಗೆ ಕಣ್ಣಿಟ್ಟು ನಾಲ್ಕು ಮೂಲೆ ಕಾಣುತ್ತದಾ ಎಂದು ಮೊದಲು ನೋಡಿ. ಕಂಡರೆ ಎಫ್‌ಎಂ2. ಹಣ ಸಾಲದಿದ್ದರೆ ಸುಸ್ಥಿತಿಯ ಓಎಂ-1. ಹಿಂದಿನ ಬಾಗಿಲು ತೆಗೆದು ಬೆಳಕು ತಡೆಯುವ ಸ್ಪಂಜು ಪುಡಿಯಾಗಿದೆಯಾ ನೋಡಿ, ಎಲ್ಲ ವೇಗದಲ್ಲೂ ಷಟರ್ ಒತ್ತಿ ಶಬ್ದ ಕೇಳಿ. ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ಒಳಗೆ ಜೇಡರ ಬಲೆಯಂಥ ಫಂಗಸ್ ಉಂಟಾ ಎಂದು ಪರೀಕ್ಷಿಸಿ. ಸೊಲ್ಲಾಪುರದ ಒಣ ಹವೆಯಲ್ಲಿ ನಿಮಗೆ ಅದರ ಕಾಟ ಕಡಿಮೆ. ನಮ್ಮ ಕರಾವಳಿಯ ಕ್ಯಾಮರಾ ಕೊಳ್ಳುವುದಾದರೆ ಮಾತ್ರ ಎರಡು ಸಲ ನೋಡಿ.